ಸ್ಪರ್ಧೆ ಕುದುರೆಯ ಬಕೆಟ್‌ನಲ್ಲಿ ಏನಿದೆ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ನಮ್ಮ ಲಾಯ ಇರುವುದು ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವ ದಾರಿಯಲ್ಲಿ. ಐದು ಕುದುರೆ, ಅವುಗಳನ್ನು ನೋಡಿಕೊಳ್ಳುವ ಇಬ್ಬರು ಸೈಸ್‌ಗಳು, ಒಂದು ಮೇವಿನ ಕೋಣೆ. ಜಂಪಿಂಗ್, ಡ್ರೆಸ್ಸಾಜ್ ಸ್ಪರ್ಧೆಗೆ ಬೆಂಗಳೂರಿಗೆ ಹೋಗಿ ಬರುತ್ತೇವೆ. ಕೋಲಾರ, ಕುಣಿಗಲ್ ಕಡೆಯಿಂದ ಒಂದೆರಡು ಕುದುರೆ ಇಟ್ಟುಕೊಂಡಿರುವ ಗೆಳೆಯರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಈ ಪುಡಿ ಕೊಡಬಹುದಾ? ಡೋಪ್ ಟೆಸ್ಟಲ್ಲಿ ಸಿಕ್ಕಿಹಾಕ್ಕೋತೀವಾ?"

ನಿಯಮ ಮೊದಲು ತಿಳಿದಿರಲಿ. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ, ಅಂದರೆ ಎಫ್‌ಇಐ, ವಸ್ತುಗಳನ್ನು ಎರಡು ಗುಂಪು ಮಾಡಿದೆ. ಒಂದು, ಸ್ಪರ್ಧೆ ಕುದುರೆಯ ಮೈಯಲ್ಲಿ ಯಾವತ್ತೂ ಇರಬಾರದ ನಿಷೇಧಿತ ವಸ್ತುಗಳು. ಇನ್ನೊಂದು, ಚಿಕಿತ್ಸೆಗೆ ಕೊಡಬಹುದಾದ, ಆದರೆ ಸ್ಪರ್ಧೆಯ ಹೊತ್ತಿಗೆ ಮೈಯಿಂದ ಹೋಗಿರಬೇಕಾದ ಔಷಧಿಗಳು. ಮೊದಲನೆಯದು ಸಿಕ್ಕರೆ ಮೂಲ ಶಿಕ್ಷೆ 2 ವರ್ಷ ಸ್ಪರ್ಧೆಯಿಂದ ಹೊರಗೆ. ಎರಡನೆಯದಕ್ಕೆ 6 ತಿಂಗಳು. ಯಾರು ಹಾಕಿದರು, ಗೊತ್ತಿದ್ದು ಹಾಕಿದರಾ ಎಂಬುದೆಲ್ಲ ಆಮೇಲಿನ ಮಾತು. ಪರೀಕ್ಷೆಗೆ ತೆಗೆದ ರಕ್ತ, ಮೂತ್ರದ ಮಾದರಿಯಲ್ಲಿ ಸಿಕ್ಕಿತು ಅಂದರೆ ತಪ್ಪು ಆಗಿಹೋಯಿತು, ಸಾಮಾನ್ಯವಾಗಿ ಸವಾರನೇ ಹೊಣೆ.

ಎಲ್ಲರಿಗೂ ಭಯ ಸೂಜಿಯದ್ದು. ನಾನು ಹೆದರುವುದು ಮೇವಿನ ಬಕೆಟ್‌ಗೆ. ಸೂಜಿ ಹಾಕಿದ್ದು ನೆನಪಿರುತ್ತದೆ, ಬಕೆಟ್‌ಗೆ ಬಿದ್ದದ್ದು ನೆನಪಿರುವುದಿಲ್ಲ. ಅದಕ್ಕೇ ಈ ಬರಹವೆಲ್ಲ ಬಕೆಟ್ ಸುತ್ತಲೇ ಇದೆ.

ಯಾವ ಲಕ್ಷಣವಿದ್ದರೂ ಮೊದಲು ಇದು

ಥರ್ಮಾಮೀಟರ್, ಗಡಿಯಾರ, ಟಾರ್ಚ್, ನೋಟ್‌ಬುಕ್. ಇಷ್ಟು ಲಾಯದಲ್ಲಿ ಒಂದೇ ಜಾಗದಲ್ಲಿರಲಿ. ಸುಮ್ನೆ ನಿಂತಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು.

ನಿಂತಲ್ಲೇ ನಾಡಿ 60 ದಾಟಿದ್ದರೆ, ವಸಡು ಬಿಳಿಚಿದ್ದರೆ ಅಥವಾ ಕಡುಗೆಂಪಾಗಿದ್ದರೆ ಮೇವಿನ ಚೀಲ ಹುಡುಕುತ್ತ ಕೂರಬೇಡಿ. ಡಾಕ್ಟರಿಗೆ ಫೋನ್ ಮಾಡಿ. ಸ್ಪರ್ಧೆ ನಾಳೆಯೇ ಇದ್ದರೂ ಸರಿ. ಕುದುರೆಗೆ ನೋವಿದ್ದರೆ ಚಿಕಿತ್ಸೆ ಕೊಡಿಸಿ, ಸ್ಪರ್ಧೆ ಬಿಡಿ. ಟೆಸ್ಟ್‌ಗೆ ಹೆದರಿ ಔಷಧಿ ತಡೆಯುವುದು ಕುದುರೆಗೆ ಮಾಡುವ ಅನ್ಯಾಯ.

ಕುದುರೆ ಇದ್ದಕ್ಕಿದ್ದಂತೆ ಗರಂ ಆಗಿದೆ: ನಿಲ್ಲುವುದಿಲ್ಲ, ಬೆವರುತ್ತದೆ, ಸಣ್ಣ ಸದ್ದಿಗೂ ಹಾರುತ್ತದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಕಾಳು ತೂಕ ಮಾಡಿ. ಡಬ್ಬಿ ಲೆಕ್ಕ ನಂಬಬೇಡಿ. ಒಂದು ಡಬ್ಬಿ ಓಟ್ಸ್‌ಗೂ ಅದೇ ಡಬ್ಬಿ ಹುರುಳಿಗೂ ತೂಕದಲ್ಲಿ ತುಂಬಾ ವ್ಯತ್ಯಾಸ ಇದೆ, ಹುರುಳಿ ಜಾಸ್ತಿ ತೂಗುತ್ತದೆ. ಹೊಸ ಸೈಸ್ ಬಂದು ಓಟ್ಸ್ ಡಬ್ಬಿಯಲ್ಲೇ ಹುರುಳಿ ಅಳೆದು ಹಾಕಿದರೆ ಕುದುರೆ ಕುಣಿಯದೆ ಇನ್ನೇನು ಮಾಡುತ್ತದೆ? ಮಳೆ ಬಂದು ಎರಡು ದಿನ ಹೊರಗೆ ಬಿಟ್ಟಿಲ್ಲ, ಕಾಳು ಮಾತ್ರ ಎಂದಿನಷ್ಟೇ ಹೋಗಿದೆ ಅಂದರೂ ಇದೇ ಕಥೆ. ಕಾಳು ಅರ್ಧ ಮಾಡಿ, ಹುಲ್ಲು ಹೆಚ್ಚಿಸಿ, ಹೊರಗೆ ಬಿಡಿ. ಎರಡು ಮೂರು ದಿನದಲ್ಲಿ ತಣ್ಣಗಾದರೆ ದೋಷ ಸಿಕ್ಕಿತು.

ತಣ್ಣಗಾಗಲಿಲ್ಲವಾ? ಆಗ ಅಡುಗೆಮನೆಯಿಂದ ಏನು ಬಂತು ಅಂತ ವಿಚಾರಿಸಿ. ಟೀ, ಕಾಫಿಯಲ್ಲಿ ಕೆಫೀನ್ ಇದೆ. ಚಾಕೊಲೇಟಿನಲ್ಲಿ ಅದೇ ಥರದ ಥಿಯೋಬ್ರೊಮಿನ್ ಇದೆ. ಎರಡೂ ಪರೀಕ್ಷೆಯಲ್ಲಿ ಸಿಗುತ್ತವೆ. ನಮ್ಮ ಕಡೆಯ ಇನ್ನೊಂದು ವಿಷಯ ಗಸಗಸೆ. ಹಬ್ಬದ ದಿನ ಗಸಗಸೆ ಪಾಯಸ ಮಾಡಿ, ಉಳಿದದ್ದನ್ನು ಪ್ರೀತಿಯಿಂದ ಕುದುರೆ ಬಕೆಟ್‌ಗೆ ಸುರಿಯುವವರಿದ್ದಾರೆ. ಗಸಗಸೆಗೆ ಅಂಟಿಕೊಂಡು ಬರುವುದು ಮಾರ್ಫಿನ್. ಚಿಕ್ಕ ಪ್ರಮಾಣದ ಮಾರ್ಫಿನ್‌ಗೆ ಕುದುರೆ ಮನುಷ್ಯರ ಹಾಗೆ ತೂಕಡಿಸುವುದಿಲ್ಲ, ಚಡಪಡಿಸಬಹುದು. ನಮ್ಮ ಮನೆಯಲ್ಲಿ ಈಗ ಒಂದು ಕಟ್ಟುಪಾಡು. ಹಬ್ಬದೂಟದ ಎಲೆ ಲಾಯದ ಗೇಟ್ ದಾಟುವುದಿಲ್ಲ. ನಮ್ಮಮ್ಮನಿಗೆ ಮೊದಲು ಬೇಜಾರಾಯಿತು. ಈಗ ಅವರೇ ಕುದುರೆಗೆ ಅಂತ ಕ್ಯಾರೆಟ್ ಬೇರೆ ಎತ್ತಿಡುತ್ತಾರೆ.

ಮೂರನೆಯದು ಪುಡಿಗಳು. "ಶಕ್ತಿ", "ಚೈತನ್ಯ" ಅಂತ ಬರೆದಿರುವ ಪೊಟ್ಟಣ ಓದಿ. ಗ್ವಾರಾನಾ ಇದ್ದರೆ ಅದು ಕೆಫೀನ್. ಎಫೆಡ್ರಾ ಇದ್ದರೆ ಅದರಲ್ಲಿ ಎಫೆಡ್ರಿನ್ ಎಂಬ ಉತ್ತೇಜಕ. ನಕ್ಸ್ ವಾಮಿಕಾ ಅಥವಾ ಕುಚ್ಲಾ ಅಂತ ಇದ್ದರೆ ಅದು ನಮ್ಮ ಕಾಸರಕನ ಬೀಜ, ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಚಪ್ಪಾಳೆ ತಟ್ಟಿದರೆ ಸಾಕು ಕಾಲು ಕಂಬದಂತೆ ಸೆಟೆದು ನಡುಗುತ್ತಿದೆ ಅಂದರೆ ಲಾಯ ಕತ್ತಲು ಮಾಡಿ, ಸದ್ದು ನಿಲ್ಲಿಸಿ, ಡಾಕ್ಟರನ್ನು ಕರೆಸಿ. ಅಂಥ ಕುದುರೆಯ ಹಿಂದೆ ಯಾರೂ ನಿಲ್ಲಬಾರದು. ಒಬ್ಬರೇ ಒಳಗೆ ಹೋಗಬಾರದು.

ಒಂದು ಸೇರಿಸಲೇಬೇಕು. ಬೆಂಗಳೂರು ಸುತ್ತ ಹಸುಗಳಿಗೆ ಬಿಯರ್ ಕಾರ್ಖಾನೆಯ ಬಾರ್ಲಿ ಚರಟ ಹಾಕುವುದು ರೂಢಿ. ಹಾಲು ಚೆನ್ನಾಗಿ ಬರುತ್ತದೆ ನಿಜ. ಆದರೆ ಬಾರ್ಲಿ ಮೊಳಕೆಯೊಡೆದಾಗ ಹಾರ್ಡಿನಿನ್ ಎಂಬ ಉತ್ತೇಜಕ ಹುಟ್ಟುತ್ತದೆ. ಸ್ಪರ್ಧೆ ಕುದುರೆಗೆ ಅದು ಬೇಡ.

ಕುದುರೆ ಮಂಕಾಗಿದೆ: ರೆಪ್ಪೆ ಇಳಿದಿದೆ, ತಲೆ ಜೋತಿದೆ

ಮೊದಲು ಜ್ವರ ನೋಡಿ. ಮಂಕಾದ ಹತ್ತು ಕುದುರೆಗೆ ಪುಡಿ ಕಾರಣ ಅಂದುಕೊಳ್ಳುವ ಮೊದಲು ಹತ್ತಕ್ಕೂ ಥರ್ಮಾಮೀಟರ್ ಇಡಿ. ಜ್ವರ ಇದ್ದರೆ ಇದು ಕಾಯಿಲೆ, ಡಾಕ್ಟರ ಕೆಲಸ.

ಜ್ವರ ಇಲ್ಲದಿದ್ದರೆ "ಶಾಂತವಾಗಿಸುವ" ಪುಡಿ ಯಾವುದಾದರೂ ಹೋಗಿದೆಯಾ ಕೇಳಿ. ಇದರಲ್ಲಿ ನಾನೇ ಎಡವಿದ್ದೇನೆ. ನಮ್ಮ ಗಂಡು ಕುದುರೆಯೊಂದು, ಬೀಜ ಒಡೆಸಿದ್ದು, ಟ್ರಕ್ ಹತ್ತುವಾಗ ವಿಪರೀತ ಗಲಾಟೆ ಮಾಡುತ್ತಿತ್ತು. ಪರಿಚಯದವರೊಬ್ಬರು ಒಂದು ಪುಡಿ ಕೊಟ್ಟರು. ಡಬ್ಬಿ ಮೇಲೆ ಎಲೆಯ ಚಿತ್ರ, "ಶುದ್ಧ ಗಿಡಮೂಲಿಕೆ" ಅಂತ ಬರಹ. ಒಳಗೆ ಏನೇನಿದೆ, ಎಷ್ಟೆಷ್ಟಿದೆ ಅಂತ ಒಂದು ಸಾಲೂ ಇಲ್ಲ. ನಾಲ್ಕು ದಿನ ಕೊಟ್ಟೆ. ಐದನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕುದುರೆ ಮೂಲೆಯಲ್ಲಿ ನಿಂತಿದೆ, ನನ್ನ ಕಡೆ ತಿರುಗಲಿಲ್ಲ. ಲದ್ದಿ ನೀರಾಗಿ ಹಿಂಗಾಲಿಗೆ ಇಳಿದಿತ್ತು. ಜನನಾಂಗ ಹೊರಗೆ ಜೋತುಬಿದ್ದಿತ್ತು, ಒಳಕ್ಕೆ ಎಳೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ.

ಡಾಕ್ಟರು ಬಂದು ಡಬ್ಬಿ ತಿರುಗಿಸಿ ನೋಡಿ ಕೇಳಿದ ಮೊದಲ ಮಾತು, "ಇದರಲ್ಲಿ ಸರ್ಪಗಂಧ ಇದೆಯಾ?" ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ, ಡಬ್ಬಿಯನ್ನು ಪರೀಕ್ಷೆಗೆ ಕಳಿಸುವಷ್ಟು ಬುದ್ಧಿ ಅವತ್ತು ನನಗಿರಲಿಲ್ಲ. ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಇರುತ್ತದೆ. ಅದು ನಿಷೇಧಿತ ಪಟ್ಟಿಯಲ್ಲಿದೆ, ಕುದುರೆಯ ಮೈಯಲ್ಲಿ ತುಂಬಾ ದಿನ ಕೆಲಸ ಮಾಡುತ್ತದೆ. ಮಂಕು, ಭೇದಿ, ಜನನಾಂಗ ಜೋಲುವುದು ಇವೆಲ್ಲ ಅದರ ಲಕ್ಷಣಗಳೂ ಹೌದು. ಆ ಸ್ಪರ್ಧೆಯಿಂದ ಕುದುರೆಯನ್ನು ಹಿಂತೆಗೆದೆ. ಡಾಕ್ಟರು ಮೂರು ದಿನ ಬಂದು ನೋಡಿದರು, ಕುದುರೆ ಸರಿಹೋಯಿತು.

ವಲೇರಿಯನ್ ಬೇರು ಕೂಡ ಇಂಥದ್ದೇ, ಶಾಂತವಾಗಿಸುವ ಪುಡಿಗಳಲ್ಲಿ ಸಾಮಾನ್ಯ. ಗಿಡಮೂಲಿಕೆ ಅಂದ ಮಾತ್ರಕ್ಕೆ ಪಟ್ಟಿಯಿಂದ ಹೊರಗೆ ಅಂತ ಇಲ್ಲ. "ಎಫ್‌ಇಐ ಒಪ್ಪಿದ ಪುಡಿ" ಅಂತ ಯಾರಾದರೂ ಮಾರಿದರೆ ನಂಬಬೇಡಿ. ಎಫ್‌ಇಐ ಯಾವ ಮೇವಿಗೂ ಪುಡಿಗೂ ಒಪ್ಪಿಗೆ ಮುದ್ರೆ ಕೊಡುವುದಿಲ್ಲ. ಬ್ರಿಟನ್ನಿನಿಂದ ಬರುವ ಕೆಲವು ಚೀಲಗಳ ಮೇಲೆ "ನಾಪ್ಸ್" ಗುರುತು ಇರುತ್ತದೆ. ಕೆಫೀನ್, ಥಿಯೋಬ್ರೊಮಿನ್, ಮಾರ್ಫಿನ್, ಅಟ್ರೊಪಿನ್ ಥರದ, ಮೇವಿಗೆ ತಾನಾಗಿ ಸೇರಿಕೊಳ್ಳಬಹುದಾದ ವಸ್ತುಗಳ ಬಗ್ಗೆ ಆ ಕಾರ್ಖಾನೆ ಎಚ್ಚರ ವಹಿಸುತ್ತದೆ ಅಂತ ಅರ್ಥ. ಅದು ಒಳ್ಳೆಯ ಗುರುತು. ಪೂರ್ತಿ ಗ್ಯಾರಂಟಿ ಅಂತ ತಿಳಿಯಬೇಡಿ.

ಕಣ್ಣಿನ ಪಾಪೆ ಅಗಲವಾಗಿದೆ, ಬಾಯಿ ಒಣಗಿದೆ, ಲದ್ದಿ ಹಾಕುತ್ತಿಲ್ಲ

ಇದು ಕೇಳುವುದಕ್ಕೆ ಸಣ್ಣದು, ನಿಜವಾಗಿ ದೊಡ್ಡದು. ಹಗಲು ಬೆಳಕಿನಲ್ಲಿ ಪಾಪೆ ಅಗಲವಾಗೇ ಇದ್ದು, ಟಾರ್ಚ್ ಬಿಟ್ಟರೂ ಕಿರಿದಾಗದಿದ್ದರೆ, ಬೆರಳು ಹಾಕಿದರೆ ಬಾಯಿ ಒಣಗಿ ಅಂಟುತ್ತಿದ್ದರೆ, ಹೊಟ್ಟೆಗೆ ಕಿವಿ ಕೊಟ್ಟರೆ ಗುಡುಗುಡು ಸದ್ದೇ ಇಲ್ಲದಿದ್ದರೆ ಉಮ್ಮತ್ತಿ ತಿಂದಿರಬಹುದು. ಕೆಲವರು ಮದಗುಣಿಕೆ ಅಂತಾರೆ. ಅದರಲ್ಲಿರುವ ಅಟ್ರೊಪಿನ್, ಹಯೋಸಿನ್ ಕರುಳನ್ನು ನಿಲ್ಲಿಸಿಬಿಡುತ್ತವೆ. ಹೊಟ್ಟೆನೋವು ಶುರುವಾಗುವುದು ಅಲ್ಲಿಂದಲೇ.

ಮೊದಲು ಬಕೆಟ್ ಮತ್ತು ಹುಲ್ಲು ಎತ್ತಿಬಿಡಿ. ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವವರೆಗೆ ಎಣ್ಣೆ ಕುಡಿಸಬೇಡಿ. ಹಸುವಿಗೆ ಕುಡಿಸುವ ಹಾಗೆ ಗೊಟ್ಟದಲ್ಲಿ ಕುಡಿಸಿದರೆ ಅದು ಕುದುರೆಯ ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರು ಮೂಗಿನಿಂದ ಟ್ಯೂಬ್ ಹಾಕಿ ಕೊಡುತ್ತಾರೆ, ಅದೇ ದಾರಿ.

ಆಮೇಲೆ ಹುಲ್ಲಿನ ಕಟ್ಟು ಬಿಡಿಸಿ ಹುಡುಕಿ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಕೊಳ್ಳುವಾಗ ಹಸಿಯಾಗಿದ್ದರೆ ಉಮ್ಮತ್ತಿ ಗುರುತು ಸಿಗುತ್ತದೆ. ದೊಡ್ಡ ಎಲೆ, ಕೆಟ್ಟ ವಾಸನೆ. ಎಷ್ಟೋ ಸಲ ಕುದುರೆಯೇ ಪಕ್ಕಕ್ಕೆ ತಳ್ಳುತ್ತದೆ. ಒಣಗಿದ ಮೇಲೆ ಎಲೆ ಪುಡಿಯಾಗಿ ಬೆರೆತುಬಿಡುತ್ತದೆ, ಕುದುರೆಗೂ ಬೇರ್ಪಡಿಸಲು ಆಗದು. ಒಮ್ಮೆ ಒಂದು ಒಣ ಕಟ್ಟನ್ನು ಬಿಳಿ ಪಂಚೆ ಮೇಲೆ ಒದರಿ ನೋಡಿದೆ. ಮೊದಲು ಸಿಕ್ಕಿದ್ದು ಅಡಿಕೆ ಗಾತ್ರದ ಒಂದು ಒಣ ಕಾಯಿ, ಮೈತುಂಬಾ ಮುಳ್ಳು, ಬಾಯಿ ಬಿರಿದಿತ್ತು. ಒಳಗೆ ಚಪ್ಪಟೆ ಬೀಜಗಳು, ಮೆಣಸಿನಕಾಯಿ ಬೀಜದ ಹಾಗೆಯೇ, ಬಣ್ಣ ಮಾತ್ರ ಕಂದು. ಇಡೀ ಲೋಡ್ ವಾಪಸ್ ಕಳಿಸಿದೆ. ಕೊಟ್ಟ ರೈತನಿಗೂ ಗೊತ್ತಿರಲಿಲ್ಲ, ಪಾಪ. ಬದುವಿನ ಅಂಚಿನದ್ದು ಕುಡುಗೋಲಿಗೆ ಸಿಕ್ಕಿತ್ತು. ಈಗ ಅವರೇ ಕೊಯ್ಯುವ ಮೊದಲು ಬದು ನೋಡುತ್ತಾರೆ. ಬಿಳಿ ಪಂಚೆಯ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಹೊಸ ಲೋಡ್ ಬಂದಾಗಲೆಲ್ಲ ಮಾಡಿ.

ಕುದುರೆ ಆರಾಮಾಗಿದೆ, ಆದರೆ ಹುಲ್ಲಿನಲ್ಲಿ ಕಾಯಿ ಸಿಕ್ಕಿದೆ ಅಂದರೂ ಆ ವಾರದ ಸ್ಪರ್ಧೆಗೆ ಹೋಗುವ ಮೊದಲು ಡಾಕ್ಟರ ಜೊತೆ ಮಾತಾಡಿ.

ಜೂಲು, ಬಾಲದ ಕೂದಲು ಉದುರುತ್ತಿದೆ, ಗೊರಸಿನಲ್ಲಿ ಅಡ್ಡ ಬಿರುಕು

ಬಾಲ ಉಜ್ಜಿಕೊಳ್ಳುತ್ತಿದೆಯಾ ನೋಡಿ. ಉಜ್ಜಿಕೊಂಡಿದ್ದರೆ ಕಜ್ಜಿ, ಹುಳು, ನೊಣ ಮೊದಲು. ಉಜ್ಜದೆಯೇ ಉದುರುತ್ತಿದ್ದು, ಗೊರಸಿನ ಸುತ್ತ ಉಂಗುರದಂತೆ ಬಿರುಕು ಬಿಟ್ಟಿದ್ದರೆ ಸೆಲೀನಿಯಂ ಅತಿಯಾಗಿದೆಯಾ ಅಂತ ಯೋಚಿಸಿ.

500 ಕೆ.ಜಿ. ಕುದುರೆಗೆ ದಿನಕ್ಕೆ ಬೇಕಾದ ಸೆಲೀನಿಯಂ ಸುಮಾರು 1 ಮಿ.ಗ್ರಾಂ. ಲಾಯದಲ್ಲಿರುವ ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲೆ ಸಾಲಾಗಿಡಿ. ಗೊರಸಿನ ಪುಡಿ, ವಿಟಮಿನ್ ಇ ಪುಡಿ, ಖನಿಜ ಮಿಶ್ರಣ, ಕಾರ್ಖಾನೆ ಮೇವು. ಪ್ರತಿಯೊಂದರ ಮೇಲಿನ ಸೆಲೀನಿಯಂ ಅಂಕಿ ಬರೆದು ಕೂಡಿ. ಮೂರು ಡಬ್ಬಿಯಲ್ಲಿ ಒಂದೇ ವಸ್ತು ಇರುವುದು ಆಗ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಹೆಚ್ಚಾದ ತಕ್ಷಣ ಕೂದಲು ಉದುರುವುದಿಲ್ಲ. ಕೆಡುವುದು ಅಳತೆ ಚಮಚ ತಪ್ಪಿದಾಗ, ಯಾರೋ ಕೈಯಲ್ಲಿ ಬೆರೆಸಿ ಕೊಟ್ಟಾಗ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದೇ ಪೋಲೋ ತಂಡದ 21 ಕುದುರೆಗಳು ಸತ್ತವು. ಕಾರಣ, ದಣಿವು ಆರಲಿ ಅಂತ ಹಾಕಿದ, ಔಷಧಿ ಅಂಗಡಿಯಲ್ಲಿ ಬೆರೆಸಿ ಕೊಟ್ಟ ವಿಟಮಿನ್ ಚುಚ್ಚುಮದ್ದು. ಅದರಲ್ಲಿ ಸೆಲೀನಿಯಂ ಅಳತೆ ತಪ್ಪಿತ್ತು. ಆ ಸುದ್ದಿ ಓದಿದ ಮೇಲೆ ಕೈಬೆರಕೆಯ ಯಾವ ಟಾನಿಕ್ಕೂ ನಮ್ಮ ಲಾಯಕ್ಕೆ ಬಂದಿಲ್ಲ.

ಪುಡಿಗಳನ್ನೆಲ್ಲ ನಿಲ್ಲಿಸಿ, ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಇದೇ ಮೇಜಿನ ಮೇಲೆ ಕೋಬಾಲ್ಟ್ ಕೂಡ ಲೆಕ್ಕ ಹಾಕಿಕೊಳ್ಳಿ. ಬಿ12 ವಿಟಮಿನ್ನಿನೊಳಗೆ ಕೋಬಾಲ್ಟ್ ಇದೆ, "ರಕ್ತ ಹೆಚ್ಚಿಸುವ" ಟಾನಿಕ್‌ಗಳಲ್ಲೂ ಇರುತ್ತದೆ. ಮೂತ್ರದಲ್ಲಿ ಅದರ ಮಿತಿ ಒಂದು ಮಿಲಿ ಲೀಟರಿಗೆ 100 ನ್ಯಾನೋಗ್ರಾಂ. ಸ್ಪರ್ಧೆಯ ಹಿಂದಿನ ದಿನ ಬಿ12 ಸೂಜಿ ಹಾಕಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಕಾಲು ಸೆಟೆದಿದೆ, ಹೆಜ್ಜೆ ಇಡುವುದಿಲ್ಲ, ಮೂತ್ರ ಕಾಫಿ ಬಣ್ಣ

ಒಂದು ಹೆಜ್ಜೆಯೂ ನಡೆಸಬೇಡಿ. ಕಂಬಳಿ ಹೊದಿಸಿ, ನೀರಿಡಿ, ಡಾಕ್ಟರನ್ನು ಕರೆಸಿ. ರಜೆಯ ಮರುದಿನ ಹೀಗಾಗಿದ್ದರೆ ಸಾಮಾನ್ಯವಾಗಿ ಸ್ನಾಯು ಸೆಟೆಯುವ ಕಾಯಿಲೆ, ಕಾಳು ಜಾಸ್ತಿ ಕೆಲಸ ಕಡಿಮೆ.

ಆದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕೋಳಿ ಅಥವಾ ಹಸುವಿನ ಮೇವು ಬಕೆಟ್‌ಗೆ ಬಿತ್ತಾ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆಗೊಂದು ಹಸು, ಊರಿಗೊಂದು ಕೋಳಿ ಫಾರ್ಮ್. ಒಂದೇ ಕೋಣೆಯಲ್ಲಿ ಮೂರು ಪ್ರಾಣಿಯ ಚೀಲ ಇಡುತ್ತೇವೆ. ಕೋಳಿ ಮೇವಿಗೆ ಹಾಕುವ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ಔಷಧಿಗಳು ಕೋಳಿಗೆ ಏನೂ ಮಾಡುವುದಿಲ್ಲ, ಆದರೆ ಕುದುರೆಯ ಹೃದಯವನ್ನೇ ಹಾಳು ಮಾಡುತ್ತವೆ. ಇದು ಟೆಸ್ಟ್ ವಿಷಯವಲ್ಲ, ಪ್ರಾಣದ ವಿಷಯ. ಬದುಕಿದ ಕುದುರೆಯ ಹೃದಯವನ್ನೂ ಪರೀಕ್ಷೆ ಮಾಡಿಸದೆ ಸವಾರಿ ಮಾಡಬೇಡಿ. ಕುದುರೆ ಚೀಲಗಳಿಗೆ ಬೇರೆ ಕೋಣೆ, ಬೇರೆ ಮೊರ, ಬೇರೆ ಡಬ್ಬಿ ಇರಲಿ.

ಕುದುರೆ ಚೆನ್ನಾಗಿದೆ, ಆದರೆ ಹತ್ತು ದಿನದಲ್ಲಿ ಸ್ಪರ್ಧೆ

ಹೊರಗೆ ಯಾವ ಲಕ್ಷಣವೂ ಇಲ್ಲದೆ ಸಿಕ್ಕಿಹಾಕಿಕೊಳ್ಳುವುದು ಹೀಗೇ. ಇಲ್ಲಿ ಹುಡುಕಬೇಕಾದದ್ದು ಲಾಯದಲ್ಲಿ.

ಔಷಧಿ ನೋಟ್‌ಬುಕ್ ತೆಗೆಯಿರಿ. ಎಫ್‌ಇಐ ನಿಯಮದಲ್ಲೇ ಅಂಥ ಪುಸ್ತಕ ಇಡಬೇಕು ಅಂತ ಇದೆ. ನೋವಿಗೆ ಕೊಡುವ ಫಿನೈಲ್‌ಬ್ಯೂಟಜೋನ್ 7 ದಿನ, ಫ್ಲುನಿಕ್ಸಿನ್ 6 ದಿನ ಮೈಯಲ್ಲಿ ಪತ್ತೆಯಾಗಬಹುದು ಅಂತ ಎಫ್‌ಇಐ ಪಟ್ಟಿ ಹೇಳುತ್ತದೆ. ಇದು ಕೆಲವೇ ಕುದುರೆಗಳ ಮೇಲೆ ಅಳೆದ ಲೆಕ್ಕ. ಏಳನೇ ದಿನ ನಿಮ್ಮ ಕುದುರೆ ಶುದ್ಧ ಅಂತ ಅದರ ಅರ್ಥ ಅಲ್ಲ. ಅದರ ಮೇಲೆ ಎಷ್ಟು ದಿನ ಸೇರಿಸಬೇಕು ಅಂತ ಡಾಕ್ಟರೇ ಹೇಳಬೇಕು.

ಆಮೇಲೆ ಹಾಸು. ಔಷಧಿ ತೆಗೆದುಕೊಂಡ ಕುದುರೆಯ ಮೂತ್ರ ಹುಲ್ಲು ಹಾಸಿಗೆ ಇಳಿದಿರುತ್ತದೆ. ಅದೇ ಹುಲ್ಲನ್ನು ತಿಂದು ಕುದುರೆ ಆ ಔಷಧಿಯನ್ನು ಮತ್ತೆ ಮೈಗೆ ಸೇರಿಸಿಕೊಳ್ಳುತ್ತದೆ. ಫ್ಲುನಿಕ್ಸಿನ್ ಹೀಗೆ ಮರಳಿ ಬರುತ್ತದೆ. ಚಿಕಿತ್ಸೆ ಮುಗಿದ ದಿನ ಹಾಸು ಪೂರ್ತಿ ಬದಲಿಸಿ, ನೆಲ ತೊಳೆಯಿರಿ, ಬಕೆಟ್ ಉಜ್ಜಿ.

ಮೂರನೆಯದನ್ನು ಹೇಳಲು ಸಂಕೋಚ, ಆದರೂ ಹೇಳಬೇಕು. ಲಾಯದೊಳಗೆ ಯಾರೂ ಮೂತ್ರ ಮಾಡಬಾರದು. ಸೈಸ್ ನೋವಿನ ಮಾತ್ರೆಯೋ ಮತ್ತೊಂದೋ ತಿಂದಿದ್ದರೆ ಅದು ಮೂತ್ರದಿಂದ ಹುಲ್ಲಿಗೆ, ಹುಲ್ಲಿನಿಂದ ಕುದುರೆಗೆ. ಎಫ್‌ಇಐ ಈ ಬಗ್ಗೆ ನೇರವಾಗಿಯೇ ಎಚ್ಚರಿಸುತ್ತದೆ. ಬೈಯುವುದರಿಂದ ಪ್ರಯೋಜನ ಇಲ್ಲ. ರಾತ್ರಿ ಕುದುರೆ ಪಕ್ಕ ಮಲಗುವ ಮನುಷ್ಯನಿಗೆ ಹತ್ತಿರದಲ್ಲಿ ಶೌಚಾಲಯ ಕಟ್ಟಿಸಿಕೊಡಿ. ನಾವು ಕಟ್ಟಿಸಿದ ಮೇಲೆ ಆ ಮಾತು ಮತ್ತೆ ಎತ್ತಬೇಕಾಗಿ ಬಂದಿಲ್ಲ.

ಕೊನೆಗೆ ಮುಲಾಮು. ಸೊಂಟ ನೋವಿಗೆ ಹಚ್ಚಿಕೊಂಡ ಕೈಯಲ್ಲೇ ಲಗಾಮು ಹಿಡಿಯುತ್ತೇವೆ. ಬಿಸಿ ಮುಲಾಮುಗಳಲ್ಲಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆ ನಡೆದದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಕ್ಯಾಮಿರೋ ಎಂಬ ಕುದುರೆಯಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ ನಾರ್ವೆ ತಂಡ ಕಂಚಿನ ಪದಕ ಕಳೆದುಕೊಂಡಿತು. ಕೈ ಸೋಪಿನಲ್ಲಿ ತೊಳೆದು ಲಾಯಕ್ಕೆ ಹೋಗಿ. ದನದ ಔಷಧಿ ಪೆಟ್ಟಿಗೆಯಲ್ಲಿ ಹಳೆಯ ಡೈಕ್ಲೋಫೆನಾಕ್ ಉಳಿದಿದ್ದರೆ ಮುಟ್ಟಬೇಡಿ. ರಣಹದ್ದುಗಳು ಸಾಯುತ್ತಿದ್ದವು ಅಂತ 2006ರಲ್ಲೇ ಪ್ರಾಣಿಗಳಿಗೆ ಅದನ್ನು ನಿಲ್ಲಿಸಲಾಗಿದೆ.

ಲ್ಯಾಬ್‌ನಿಂದ ಪತ್ರ ಬಂದಿದೆ

ಕೈ ನಡುಗುತ್ತದೆ, ಸಹಜ. ಮೊದಲ ದಿನ ಮಾಡಬಾರದ ಕೆಲಸ ಒಂದಿದೆ. ಮೇವಿನ ಕೋಣೆ ಗುಡಿಸಬೇಡಿ. ಚೀಲ, ಡಬ್ಬಿ, ಬಿಲ್ ಯಾವುದನ್ನೂ ಎಸೆಯಬೇಡಿ. ಎಲ್ಲದರ ಫೋಟೋ ತೆಗೆಯಿರಿ, ಬ್ಯಾಚ್ ನಂಬರ್ ಕಾಣುವ ಹಾಗೆ. ಸೈಸ್ ಮೇಲೆ ಕೂಗಾಡಬೇಡಿ. ಹೆದರಿದವನು ನಿಜ ಹೇಳುವುದಿಲ್ಲ, ನಿಮಗೆ ಈಗ ಬೇಕಿರುವುದು ನಿಜ.

ಮಾದರಿ ತೆಗೆದಾಗಲೇ ಎ ಮತ್ತು ಬಿ ಅಂತ ಎರಡು ಬಾಟಲಿ ಮಾಡಿರುತ್ತಾರೆ. ಬಿ ಬಾಟಲಿ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ, ಪತ್ರದಲ್ಲಿರುವ ಗಡುವು ತಪ್ಪಿಸಬೇಡಿ. ಡಾಕ್ಟರ ಜೊತೆಗೆ ಈ ನಿಯಮ ಬಲ್ಲ ವಕೀಲರನ್ನೂ ಆ ವಾರವೇ ಕಾಣಿ. ಮೇವಿನಿಂದ ಬರುವ ಸಾಧ್ಯತೆ ಹೆಚ್ಚಿರುವ ವಸ್ತುಗಳನ್ನು ಎಫ್‌ಇಐ ಬೇರೆಯಾಗಿ ಗುರುತಿಸಿದೆ. ಆದರೆ ಎಲ್ಲಿಂದ ಬಂತು ಅಂತ ತೋರಿಸಬೇಕಾದವರು ನೀವೇ.

ಇದು ಸಣ್ಣ ಲಾಯಗಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. 2014ರಲ್ಲಿ ಬ್ರಿಟನ್ ರಾಣಿ ಎಲಿಜಬೆತ್ ಅವರ ರೇಸ್ ಕುದುರೆ ಎಸ್ಟಿಮೇಟ್‌ನಲ್ಲಿ ಮಾರ್ಫಿನ್ ಸಿಕ್ಕಿತು. ಕಲುಷಿತ ಮೇವೇ ಕಾರಣ ಅಂತ ಗೊತ್ತಾದರೂ ಆಸ್ಕಾಟ್ ಗೋಲ್ಡ್ ಕಪ್‌ನ ಎರಡನೇ ಸ್ಥಾನ ಹೋಯಿತು. 2020ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ದೊಡ್ಡ ರೇಸಿನ ಹಿಂದಿನ ದಿನ ಐರ್ಲೆಂಡಿನ ಲಾಯವೊಂದರ ನಾಲ್ಕು ಕುದುರೆಗಳನ್ನು ಹಿಂತೆಗೆದರು, ಮೇವಿನಲ್ಲಿ ದನಗಳ ಮೈ ತುಂಬಿಸಲು ಬಳಸುವ ಜಿಲ್‌ಪಟೆರಾಲ್ ಎಂಬ ಔಷಧಿ ಇತ್ತು. ಮೂಲ ಹುಡುಕಿದರೆ ಸಿಕ್ಕಿದ್ದು ಕಾಕಂಬಿ. ನಾವೂ ಕಾಕಂಬಿ ಹಾಕುತ್ತೇವೆ, ಅಲ್ವಾ?

ಮೂಲ ತೋರಿಸಲು ಮೇವು ಕೈಯಲ್ಲಿರಬೇಕು. ಅದಕ್ಕೆ ನಾವು ಮಾಡುವುದು ಇಷ್ಟು. ಹೊಸ ಚೀಲ ಒಡೆದ ದಿನ ತಳದಿಂದ ಒಂದು ಹಿಡಿ, ಮೇಲಿಂದ ಒಂದು ಹಿಡಿ ತೆಗೆದು ಒಣ ಡಬ್ಬಿಗೆ ಹಾಕುತ್ತೇವೆ. ಹುಲ್ಲಿನ ಪ್ರತಿ ಲೋಡಿನಿಂದಲೂ ಒಂದು ಹಿಡಿ. ಮುಚ್ಚಳಕ್ಕೆ ಟೇಪ್ ಸುತ್ತಿ ಅದರ ಮೇಲೆ ಸೈಸ್ ಮತ್ತು ನಾನು ಇಬ್ಬರೂ ಸಹಿ ಮಾಡುತ್ತೇವೆ. ತಾರೀಖು, ಬ್ಯಾಚ್ ನಂಬರ್, ಯಾವ ಕುದುರೆಗೆ, ಯಾರಿಂದ ಕೊಂಡದ್ದು ಎಲ್ಲ ಬರೆಯುತ್ತೇವೆ. ಸ್ಪರ್ಧೆ ಮುಗಿದು ಆರು ತಿಂಗಳು ಡಬ್ಬಿ ಕಪಾಟಿನಲ್ಲೇ ಇರುತ್ತದೆ. ನಮ್ಮ ಕಪಾಟಿನ ಮೇಲಿನ ಸಾಲಿನಲ್ಲಿ ಈಗ ಹದಿನೇಳು ಡಬ್ಬಿ ಇವೆ. ಕೊನೆಯದರ ಮೇಲೆ ಸೈಸ್ ತನ್ನ ಕೈಯಲ್ಲೇ ಬರೆದಿದ್ದಾನೆ: "ಹುರುಳಿ, ಹೊಸ ಚೀಲ, ಪಂಚೆ ಮೇಲೆ ನೋಡಿದೆ, ಏನೂ ಇಲ್ಲ."